ಡನ್ ಅಂದ್ರೆ ಏನು ಮುಗೀತು?

ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ಸುಳ್ಳು ಹೇಳೋ ಪದ ಯಾವುದು ಗೊತ್ತಾ? ‘ಡನ್’. ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಮನುಷ್ಯರು ಹೇಳುವ ಡನ್ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಶೆಲ್ ಸ್ಕ್ರಿಪ್ಟ್‌ಗಳು ಹೇಳುವ ಡನ್ ಕಥೆ ಕೇಳಿ. ಕಪ್ಪು ಪರದೆಯ ಮೇಲೆ ನಾನೂರು ಸಾಲು ಸರಸರ ಓಡಿಹೋಗಿ, ಕೊನೆಯಲ್ಲಿ ಒಂದು ಡನ್ ಬಂದು ಕೂತರೆ ನಾವೆಲ್ಲ ಕಣ್ಣು ಮುಚ್ಚಿ ನಂಬ್ತೀವಿ. ಆದರೆ ಆ ಡನ್‌ಗೂ ಅದರ ಮೇಲಿನ ನಾನೂರು ಸಾಲಿಗೂ ಎಷ್ಟೋ ಸಲ ಯಾವ ಸಂಬಂಧವೂ ಇರೋದಿಲ್ಲ.

ಕಂಪ್ಯೂಟರ್ ಕೆಲಸದವರಲ್ಲದವರಿಗೆ ಎರಡು ಮಾತು. ಶೆಲ್ ಸ್ಕ್ರಿಪ್ಟ್ ಅಂದ್ರೆ ಒಂದು ಚೀಟಿ. ಒಂದರ ಕೆಳಗೊಂದು ಕೆಲಸಗಳನ್ನು ಬರೆದಿಟ್ಟಿರುತ್ತೀವಿ, ಶೆಲ್ ಅದನ್ನು ಓದಿಕೊಂಡು ಒಂದೊಂದೇ ಮಾಡುತ್ತೆ. ಅಡುಗೆಯವನ ಕೈಗೆ ಚೀಟಿ ಕೊಟ್ಟ ಹಾಗೆ: ಒಲೆ ಹಚ್ಚು, ಬೇಳೆ ಬೇಯಿಸು, ಹುಳಿ ಹಿಂಡು, ಒಗ್ಗರಣೆ ಹಾಕು, ‘ಊಟಕ್ಕೆ ಬನ್ನಿ’ ಅಂತ ಕೂಗು. ತೊಂದರೆ ಏನಪ್ಪಾ ಅಂದ್ರೆ, ಈ ಅಡುಗೆಯವನಿಗೆ ಒಲೆ ಹತ್ತದಿದ್ದರೂ ಪರವಾಗಿಲ್ಲ. ‘ಗ್ಯಾಸ್ ಖಾಲಿ’ ಅಂತ ಒಮ್ಮೆ ಗೊಣಗಿ ಮುಂದಿನ ಸಾಲಿಗೆ ಹೋಗ್ತಾನೆ. ಹಸಿ ಬೇಳೆಗೆ ಹುಳಿ ಹಿಂಡಿ, ತಣ್ಣಗಿನ ಎಣ್ಣೆಗೆ ಸಾಸಿವೆ ಹಾಕಿ, ಕೊನೆಗೆ ಊಟಕ್ಕೆ ಬನ್ನಿ ಅಂತ ಕೂಗೇ ಕೂಗ್ತಾನೆ. ಯಾಕಂದ್ರೆ ಚೀಟಿಯಲ್ಲಿ ಹಾಗೆ ಬರೆದಿದೆ. ನೀವು ಬೇರೆ ಏನೂ ಹೇಳದಿದ್ದರೆ ಶೆಲ್‌ನ ಸ್ವಭಾವ ಇದೇ.

ಒಂದು ಕಂಪನಿಯಲ್ಲಿ ನಾನಿದ್ದಾಗ ದಿನಾ ರಾತ್ರಿ ಒಂದೂವರೆಗೆ ಡೇಟಾಬೇಸ್ ಬ್ಯಾಕಪ್ ತೆಗೆಯೋ ಸ್ಕ್ರಿಪ್ಟ್ ಒಂದಿತ್ತು. ಅದನ್ನು ಬರೆದವರು ಕಂಪನಿ ಬಿಟ್ಟು ನಾಲ್ಕು ವರ್ಷ ಆಗಿತ್ತು. ಸ್ಕ್ರಿಪ್ಟ್ ಮಾಡ್ತಿದ್ದದ್ದು ಇಷ್ಟು: ಡೇಟಾಬೇಸಿನ ನಕಲು ತೆಗೆ, ಅದನ್ನು ಜಿಜಿಪ್ ಮಾಡಿ ಕುಗ್ಗಿಸು, ಇನ್ನೊಂದು ಮಷೀನಿಗೆ ಕಳಿಸು, ಅಲ್ಲಿ ಏಳು ದಿನಕ್ಕಿಂತ ಹಳೆಯ ಫೈಲ್‌ಗಳನ್ನು ಅಳಿಸು, ಡನ್ ಅಂತ ಬರೆ. ಇದನ್ನು ನೋಡಿಕೊಳ್ಳೋಕೆ ನೈಟ್ ಶಿಫ್ಟಿನಲ್ಲಿ ಒಬ್ಬ ಆಪರೇಟರ್. ಅರಸೀಕೆರೆ ಕಡೆಯ ಹುಡುಗ, ಏಜೆನ್ಸಿ ಮೂಲಕ ಕಾಂಟ್ರಾಕ್ಟ್ ಮೇಲೆ ಬಂದಿದ್ದ. ಅವನಿಗೆ ಕೊಟ್ಟಿದ್ದ ಸೂಚನೆ ಒಂದೇ ಸಾಲು: ಪರದೆಯಲ್ಲಿ ಡನ್ ಬಂದ ಮೇಲೆ ಶೀಟಿನಲ್ಲಿ ಟಿಕ್ ಹಾಕಬೇಕು.

ಒಂದು ಗುರುವಾರ ಭದ್ರತಾ ನಿಯಮದ ಪ್ರಕಾರ ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿತು. ಸ್ಕ್ರಿಪ್ಟಿಗೆ ಹೊಸ ಪಾಸ್‌ವರ್ಡ್ ಯಾರೂ ಕೊಡಲಿಲ್ಲ. ಅವತ್ತು ರಾತ್ರಿಯಿಂದ ನಕಲು ತೆಗೆಯುವ ಕಮಾಂಡ್ ‘ಪ್ರವೇಶವಿಲ್ಲ’ ಅಂತ ಒಂದು ಸಾಲು ಹೇಳಿ ಸುಮ್ಮನಾಗ್ತಿತ್ತು. ಆದರೆ ಅದರ ಔಟ್‌ಪುಟ್ಟನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟಿತ್ತಲ್ಲ, ಜಿಜಿಪ್ ಪಾಪ ಬಹಳ ನಿಯತ್ತಿನ ಪ್ರಾಣಿ. ಏನೂ ಬರದಿದ್ದರೆ ಆ ‘ಏನೂ ಇಲ್ಲ’ವನ್ನೇ ಶಾಸ್ತ್ರೋಕ್ತವಾಗಿ ಕುಗ್ಗಿಸಿ ಕೊಡುತ್ತೆ. ಹಾಗೆ ಕುಗ್ಗಿಸಿದ ಶೂನ್ಯದ ತೂಕ 20 ಬೈಟ್. ಪೈಪಿನ ನಿಯಮವೂ ಹೇಗಿದೆ ನೋಡಿ: ಸಾಲಿನಲ್ಲಿ ಕೊನೆಗೆ ನಿಂತವನು ಗೆದ್ದರೆ ಇಡೀ ಸಾಲೇ ಗೆದ್ದಂತೆ. ಜಿಜಿಪ್ ಗೆದ್ದಿತು. 20 ಬೈಟಿನ ಫೈಲ್ ಇನ್ನೊಂದು ಮಷೀನಿಗೆ ಸುಖವಾಗಿ ತಲುಪಿತು. ಹಳೆಯ, ನಿಜವಾದ ಬ್ಯಾಕಪ್‌ಗಳು ದಿನಕ್ಕೊಂದರಂತೆ ಅಳಿದವು. ಪ್ರತಿ ರಾತ್ರಿ ಡನ್ ಬಂತು. ಪ್ರತಿ ರಾತ್ರಿ ಟಿಕ್ ಬಿತ್ತು.

ಹನ್ನೆರಡು ರಾತ್ರಿ ಕಳೆದ ಮೇಲೆ ಒಂದು ಟೇಬಲ್ ವಾಪಸ್ ಬೇಕಾಯ್ತು. ಫೋಲ್ಡರ್ ತೆರೆದು ನೋಡಿದರೆ ಎಲ್ಲ ಫೈಲೂ 20 ಬೈಟ್. ಟೆಸ್ಟ್ ಮಷೀನಿನಲ್ಲಿದ್ದ ಹಳೇ ನಕಲು ಒಂದಷ್ಟು ಕಾಪಾಡಿತು. ಉಳಿದದ್ದನ್ನು ಇಮೇಲ್, ಪ್ರಿಂಟ್‌ಔಟ್ ಹುಡುಕಿ ನಾಲ್ಕು ಜನ ಎರಡು ದಿನ ಕೂತು ಕೈಯಲ್ಲೇ ಟೈಪ್ ಮಾಡಿದರು.

ಆಮೇಲೆ ಮೀಟಿಂಗ್. ಇಂಥ ಮೀಟಿಂಗುಗಳಲ್ಲಿ ‘ಮೂಲ ಕಾರಣ’ ಅಂತ ಒಂದು ಖಾನೆ ಇರುತ್ತೆ, ಅದನ್ನು ತುಂಬಿಸದೆ ಯಾರೂ ಊಟಕ್ಕೆ ಏಳೋ ಹಾಗಿಲ್ಲ. ಡ್ರಾಫ್ಟಿನಲ್ಲಿ ಆಗಲೇ ಬರೆದಾಗಿತ್ತು: ಹ್ಯೂಮನ್ ಎರರ್. ಪಕ್ಕದಲ್ಲಿ ಆ ಹುಡುಗನ ಹೆಸರು. ಹನ್ನೆರಡು ಟಿಕ್ಕುಗಳಲ್ಲಿ ಹತ್ತು ಅವನವು, ಉಳಿದೆರಡು ಅವನ ವೀಕ್ಲಿ ಆಫ್ ದಿನದವು. ಕಾಂಟ್ರಾಕ್ಟ್ ಹುಡುಗರ ಹೆಸರು ಆ ಖಾನೆಯಲ್ಲಿ ಬಂದರೆ ಮುಂದೇನಾಗುತ್ತೆ ಅಂತ ಈ ಊರಿನಲ್ಲಿ ಕೆಲಸ ಮಾಡೋ ಎಲ್ಲರಿಗೂ ಗೊತ್ತು. ಏಜೆನ್ಸಿಗೆ ಒಂದು ಮೇಲ್ ಹೋಗುತ್ತೆ, ಮರುದಿನ ಅವನ ಐಡಿ ಕಾರ್ಡ್ ಗೇಟಿನಲ್ಲಿ ಕೆಲಸ ಮಾಡಲ್ಲ.

ನಾನು ವಾದ ಮಾಡೋಕೆ ಹೋಗಲಿಲ್ಲ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಹಾಕಿ, ಟೆಸ್ಟ್ ಮಷೀನಿನಲ್ಲಿ ಬೇಕಂತಲೇ ತಪ್ಪು ಪಾಸ್‌ವರ್ಡ್ ಇಟ್ಟು, ಅದೇ ಸ್ಕ್ರಿಪ್ಟನ್ನು ಓಡಿಸಿದೆ. ಸಾಲುಗಳು ಓಡಿದವು. ಗೋಡೆ ತುಂಬ ದೊಡ್ಡದಾಗಿ ಡನ್ ಬಂದು ನಿಂತಿತು. ‘ನೀವಾಗಿದ್ರೆ ಟಿಕ್ ಹಾಕ್ತಿದ್ರಾ ಸರ್, ಇಲ್ವಾ?’ ಅಂತ ಮ್ಯಾನೇಜರನ್ನು ಕೇಳಿದೆ. ಸ್ವಲ್ಪ ಹೊತ್ತು ಎಸಿ ಸದ್ದು ಮಾತ್ರ ಕೇಳ್ತಿತ್ತು. ‘ಹಾಕ್ತಿದ್ದೆ’ ಅಂದರು ಅವರು. ಪ್ರಾಮಾಣಿಕ ಮನುಷ್ಯ. ಖಾನೆಯಲ್ಲಿದ್ದ ಹೆಸರು ಅಳಿಸಿಹೋಯಿತು. ಆದರೆ ಆ ತಿಂಗಳ ನೈಟ್ ಶಿಫ್ಟ್ ಅಲೋವೆನ್ಸನ್ನು ಏಜೆನ್ಸಿ ಅಷ್ಟರಲ್ಲೇ ಕತ್ತರಿಸಿಯಾಗಿತ್ತು, ಅದು ಕೊನೆಗೂ ಅವನಿಗೆ ಬರಲಿಲ್ಲ. ಸ್ಕ್ರಿಪ್ಟುಗಳನ್ನೆಲ್ಲ ಸರಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು.

ಒಟ್ಟು ಹದಿನೇಳು ಸ್ಕ್ರಿಪ್ಟ್. ಒಂದೊಂದರದ್ದೂ ಒಂದೊಂದು ಭಾಷೆ. ಒಂದು ‘ಎರರ್’ ಅಂದರೆ ಇನ್ನೊಂದು ‘ಫೇಲ್ಡ್’, ಮತ್ತೊಂದು ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿ ‘ಊಪ್ಸ್’. ನಾಲ್ಕಂತೂ ಏನನ್ನೂ ಹೇಳ್ತಿರಲಿಲ್ಲ. ಇವೆಲ್ಲಕ್ಕೂ ಮಾತು ಕಲಿಸೋ ಒಂದೇ ಒಂದು ಫೈಲ್ ಬರೆದು, ಪ್ರತಿ ಸ್ಕ್ರಿಪ್ಟಿನ ತಲೆಯಲ್ಲೂ ಅದನ್ನು ಸೋರ್ಸ್ ಮಾಡೋದು ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ದಿನಾ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿದು ಕುಟ್ಟುತ್ತಾ ಕೂರೋದಿಲ್ಲ ತಾನೇ? ಒಮ್ಮೆ ಸಾರಿನ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟರೆ ಆಯ್ತು. ಯಾರು ಸಾರು ಮಾಡಿದರೂ ಅದೇ ರುಚಿ. ರುಚಿ ಕೆಟ್ಟರೆ ಸರಿ ಮಾಡಬೇಕಾದ್ದೂ ಒಂದೇ ಡಬ್ಬಿ.

ಆ ಫೈಲಿನಲ್ಲಿ ಇದ್ದದ್ದು ಆರೇ ಫಂಕ್ಷನ್. ಮಾಹಿತಿ ಹೇಳೋಕೆ ಒಂದು, ಎಚ್ಚರಿಕೆಗೆ ಒಂದು, ತಪ್ಪಾದರೆ ಹೇಳೋಕೆ ಒಂದು, ಹೊಸ ಹೆಜ್ಜೆ ಶುರುವಾದಾಗ ಶೀರ್ಷಿಕೆ ಹಾಕೋಕೆ ಒಂದು, ‘ಮುಂದುವರಿಯಲಾ?’ ಅಂತ ಕೇಳೋಕೆ ಒಂದು, ಇನ್ನು ಸಾಧ್ಯವಿಲ್ಲ ಅಂತ ಹೇಳಿ ಅಲ್ಲಿಗೇ ನಿಲ್ಲಿಸೋಕೆ ಒಂದು. ಹೆಸರುಗಳನ್ನು ಕನ್ನಡದಲ್ಲೇ ಇಡೋಣ ಅಂತ ನನಗೆ ಆಸೆ. ಆದರೆ ನಮ್ಮ ಟೀಮಿನಲ್ಲಿ ತಮಿಳರು, ಮಲಯಾಳಿಗಳು, ಒಡಿಯಾದವರು, ಲಖನೌದವರು ಎಲ್ಲ ಇದ್ದರು. ಐದಕ್ಕೆ ಮಾಮೂಲಿ ಇನ್ಫೋ, ವಾರ್ನ್ ಅಂತಲೇ ಇಟ್ಟದ್ದಾಯಿತು. ಕೊನೆಯದಕ್ಕೆ ಸಾಮಾನ್ಯವಾಗಿ ‘ಡೈ’ ಅಂತ ಇಡ್ತಾರೆ. ಭುವನೇಶ್ವರದ ಸಹೋದ್ಯೋಗಿ ಒಪ್ಪಲಿಲ್ಲ. ‘ಅದಕ್ಕೆ ಸಾಕು ಅಂತ ಇಡಿ, ಬೆಂಗಳೂರಿಗೆ ಬಂದು ನಾನು ಕಲಿತ ಮೊದಲ ಕನ್ನಡ ಪದ ಅದು. ಪಿಜಿಯಲ್ಲಿ ಸಾಂಬಾರ್ ಬಡಿಸುವವನನ್ನು ನಿಲ್ಲಿಸೋಕೆ ಬೇರೆ ದಾರಿಯೇ ಇಲ್ಲ’ ಅಂದ. ಸರ್ವಾನುಮತದಿಂದ ‘ಸಾಕು’ ಪಾಸಾಯಿತು.

ಮೊದಲ ದಿನ ಕರಡನ್ನು ತೋರಿಸಿದ್ದು ಅದೇ ಅರಸೀಕೆರೆ ಹುಡುಗನಿಗೆ. ಮೀಟಿಂಗಿನಲ್ಲಿ ನಾನು ಅವನಿಗೆ ‘ಮೇಡಂ’, ರಾತ್ರಿ ಹೊತ್ತು ಕಾಫಿ ಮಷೀನ್ ಹತ್ತಿರ ‘ಅಕ್ಕ’. ಬೇಕಂತಲೇ ತಪ್ಪಿಸಿ ಓಡಿಸಿದೆ. ‘ತಪ್ಪು: ಡೇಟಾಬೇಸ್ ಸಂಪರ್ಕ ಸಿಗಲಿಲ್ಲ’ ಅಂತ ಅಚ್ಚ ಕೆಂಪಿನಲ್ಲಿ ಬಂತು. ಅವನು ಸುಮಾರು ಹೊತ್ತು ಅದನ್ನೇ ನೋಡಿದ.

‘ಚೆನ್ನಾಗಿದೆ ಅಕ್ಕ. ಇದು ಬಂದ್ರೆ ನಾನು ಏನು ಮಾಡ್ಬೇಕು?’

ಈ ಕೆಲಸದಲ್ಲಿ ನಾನು ಓದಿರೋ ಯಾವ ಪುಸ್ತಕವೂ ಈ ಪ್ರಶ್ನೆಯಷ್ಟು ಕಲಿಸಿಲ್ಲ. ನಾವು ಬರೆಯೋ ಸಂದೇಶಗಳು ಸಾಮಾನ್ಯವಾಗಿ ಬರೆದವರಿಗೆ ಮಾತ್ರ ಅರ್ಥ ಆಗ್ತವೆ. ಓದುವವನು ರಾತ್ರಿ ಎರಡು ಗಂಟೆಗೆ, ಒಬ್ಬನೇ, ಅರ್ಧ ನಿದ್ದೆಯಲ್ಲಿ, ಕೆಲಸದ ಭಯ ಇಟ್ಟುಕೊಂಡು ಕೂತಿರ್ತಾನೆ. ಅವನಿಗೆ ಮೂರು ವಿಷಯ ಬೇಕು. ಏನಾಯ್ತು? ಅದರಿಂದ ಯಾವುದು ಆಗದೆ ಉಳಿಯಿತು? ಈಗ ನಾನೇನು ಮಾಡಲಿ? ಹಾಗಾಗಿ ‘ಸಾಕು’ ಫಂಕ್ಷನ್ನಿಗೆ ಮೂರು ಆರ್ಗ್ಯುಮೆಂಟ್ ಕಡ್ಡಾಯ ಮಾಡಿದೆ. ಮೂರರಲ್ಲಿ ಒಂದು ಕಡಿಮೆ ಕೊಟ್ಟರೆ ‘ಯಾರಿಗೆ ಏನು ಮಾಡಬೇಕು ಅಂತ ಹೇಳಿಲ್ಲ’ ಅಂತ ಸ್ಕ್ರಿಪ್ಟ್ ಬರೆದವರನ್ನೇ ಗದರಿಸುತ್ತೆ. ಈಗ ಪರದೆಯಲ್ಲಿ ಬರೋದು ಹೀಗೆ: ಡೇಟಾಬೇಸ್ ಒಳಗೆ ಬಿಡಲಿಲ್ಲ, ಪಾಸ್‌ವರ್ಡ್ ಬದಲಾಗಿರಬಹುದು. ಇವತ್ತಿನ ಬ್ಯಾಕಪ್ ಆಗಿಲ್ಲ, ಹಳೆಯದನ್ನು ಅಳಿಸಿಲ್ಲ. ಟಿಕ್ ಹಾಕಬೇಡಿ, ಕೈಪಿಡಿಯ ನಾಲ್ಕನೇ ಪುಟ ನೋಡಿ.

ಇಷ್ಟು ಹೇಳೋದಕ್ಕೆ ಏನು ಮಹಾ, ಎಕೋ ಅಂತ ಬರೆದರಾಯ್ತಲ್ಲ ಅಂತೀರಾ? ಇಲ್ಲೇ ಇರೋದು ಮಜಾ. ಟರ್ಮಿನಲ್ ನೋಡೋಕೆ ಸಾಧು, ಒಳಗೆ ಐವತ್ತು ವರ್ಷದ ಇತಿಹಾಸ ತುಂಬಿಕೊಂಡಿದೆ.

ಮೊದಲನೆಯದು, ತಪ್ಪನ್ನು ಎಲ್ಲಿ ಹೇಳಬೇಕು? ಯುನಿಕ್ಸ್‌ನಲ್ಲಿ ಮಾತು ಹೊರಬರೋಕೆ ಎರಡು ಬಾಗಿಲು. ಒಂದು ಫಲಿತಾಂಶಕ್ಕೆ, ಇನ್ನೊಂದು ದೂರು, ತಕರಾರಿಗೆ. ಎರಡನೆಯದರ ಹೆಸರು ಸ್ಟ್ಯಾಂಡರ್ಡ್ ಎರರ್. ಇದು ಹುಟ್ಟಿದ್ದರ ಹಿಂದೆ ಬೆಲ್ ಲ್ಯಾಬ್ಸ್‌ನ ಒಂದು ಕಥೆ ಇದೆ. ಯಾಕ್ ಅನ್ನೋ ಪ್ರೋಗ್ರಾಂ ಬರೆದ ಸ್ಟೀಫನ್ ಜಾನ್ಸನ್ ಅದನ್ನು ಹೇಳಿಕೊಂಡಿದ್ದಾರೆ. 1970ರ ದಶಕದಲ್ಲಿ ಅಲ್ಲೊಂದು ಫೋಟೋಟೈಪ್‌ಸೆಟ್ಟರ್ ಇತ್ತು. ಅದರಿಂದ ಬಂದ ಉದ್ದನೆಯ ಕಾಗದವನ್ನು ಗಬ್ಬು ವಾಸನೆಯ ಇನ್ನೊಂದು ಯಂತ್ರಕ್ಕೆ ತೂರಿಸಿ, ನಿಮಿಷಗಟ್ಟಲೆ ಕಾದು, ಡೆವಲಪ್ ಮಾಡಬೇಕಿತ್ತು. ಒಂದು ಮಧ್ಯಾಹ್ನ ಹಲವರು ಹೀಗೆ ಕಾದು ಕಾದು ಕಾಗದ ತೆಗೆದು ನೋಡಿದರೆ, ಪುಟದ ಮೇಲೆ ಬಹಳ ಸುಂದರವಾದ ಅಚ್ಚಿನಲ್ಲಿ ಒಂದೇ ಸಾಲು: ಫೈಲ್ ತೆರೆಯಲಾಗಲಿಲ್ಲ! ಗೊಣಗಾಟ ಜೋರಾಯಿತು. ಎರಡು ಮೂರು ದಿನದಲ್ಲಿ ದೂರುಗಳಿಗೆ ಬೇರೆಯದೇ ಬಾಗಿಲು ಸಿದ್ಧವಾಯಿತು. ನಮ್ಮ ಫೈಲಿನಲ್ಲೂ ಎಚ್ಚರಿಕೆ ಮತ್ತು ತಪ್ಪು ಎರಡನ್ನೂ ಆ ಬಾಗಿಲಿನಿಂದಲೇ ಕಳಿಸಿದ್ದು. ಫಲಿತಾಂಶವನ್ನು ಯಾರಾದರೂ ಇನ್ನೊಂದು ಫೈಲಿಗೆ ತಿರುಗಿಸಿಕೊಂಡರೂ ದೂರು ಪರದೆಯ ಮೇಲೇ ಉಳಿಯಬೇಕು.

ಎರಡನೆಯದು ಬಣ್ಣ. ಕೆಂಪು ಅಕ್ಷರ ಬೇಕು ಅಂದ್ರೆ ಪಠ್ಯದ ನಡುವೆಯೇ ಒಂದು ಗುಪ್ತ ಸಂಕೇತ ಕಳಿಸಬೇಕು. ಎಸ್ಕೇಪ್ ಅಂತ ಒಂದು ಕಾಣದ ಅಕ್ಷರ, ಅದರ ಸಂಖ್ಯೆ 27. ಅದರ ಹಿಂದೆ ಒಂದು ಚೌಕ ಆವರಣ, ಆಮೇಲೆ 31, ಆಮೇಲೆ ಎಂ ಅಕ್ಷರ. 31 ಕೆಂಪು, 32 ಹಸಿರು, 33 ಹಳದಿ, 0 ಅಂದ್ರೆ ಮೊದಲಿನ ಹಾಗೆ ಆಗು. ಈ ಬಗೆಯ ಸಂಕೇತಗಳನ್ನು ಮನೆಮಾತು ಮಾಡಿದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ತಂದ ವಿಟಿ100 ಟರ್ಮಿನಲ್. ತಮಾಷೆ ಅಂದ್ರೆ ಅದಕ್ಕೆ ಬಣ್ಣವೇ ಇರಲಿಲ್ಲ! ಆ ಪೆಟ್ಟಿಗೆ ವಸ್ತುಸಂಗ್ರಹಾಲಯ ಸೇರಿದೆ. ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್ ಇವತ್ತಿಗೂ ಅದರ ವೇಷ ಹಾಕಿಕೊಂಡೇ ಕೂತಿದೆ.

ಈ ಸಂಕೇತ ಪರದೆಗೆ ಹೋದರೆ ಬಣ್ಣ, ಫೈಲಿಗೆ ಹೋದರೆ ಕಸ. ಲಾಗ್ ಫೈಲ್ ತೆರೆದಾಗ ಅಕ್ಷರಗಳ ಮಧ್ಯೆ ಆವರಣ, 31, ಎಂ ಅಂತ ಜೇನುನೊಣ ಮುತ್ತಿದ ಹಾಗೆ ಕಾಣೋದನ್ನು ನೀವೂ ನೋಡಿರಬಹುದು. ಅದಕ್ಕೇ ಬಣ್ಣ ಹಚ್ಚುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಆ ಕಡೆ ಇರೋದು ಪರದೆಯಾ, ಫೈಲಾ? ಶೆಲ್‌ನಲ್ಲಿ ಇದಕ್ಕೆ ಟಿ ಅನ್ನೋ ಒಂದೇ ಅಕ್ಷರದ ಪರೀಕ್ಷೆ ಇದೆ. ಸೂಕ್ಷ್ಮ ಏನು ಅಂದ್ರೆ, ಎರಡು ಬಾಗಿಲನ್ನೂ ಬೇರೆ ಬೇರೆ ಪರೀಕ್ಷಿಸಬೇಕು, ಒಂದು ಪರದೆಗೂ ಇನ್ನೊಂದು ಫೈಲಿಗೂ ಹೋಗ್ತಿರಬಹುದು. ಜೊತೆಗೆ 2017ರಿಂದ ‘ನೋ ಕಲರ್’ ಅಂತ ಒಂದು ಒಪ್ಪಂದ ಚಾಲ್ತಿಯಲ್ಲಿದೆ. ಬಳಸುವವರು ಆ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟಿದ್ದರೆ ಪ್ರೋಗ್ರಾಂಗಳು ಬಣ್ಣ ಬಳಸದೆ ಸುಮ್ಮನಿರಬೇಕು. ನಾವೂ ಅದಕ್ಕೆ ಗೌರವ ಕೊಟ್ಟೆವು.

ಬಣ್ಣದ ಬಗ್ಗೆ ಇನ್ನೊಂದು ಮಾತು. ನಮ್ಮ ಟೀಮಿನ ಹಿರಿಯರೊಬ್ಬರು ಹೊಸ ಔಟ್‌ಪುಟ್ ನೋಡಿ, ‘ಎಲ್ಲಾ ಒಂದೇ ಕಂದು ಬಣ್ಣ ಕಾಣ್ತಿದೆಯಲ್ಲಮ್ಮ’ ಅಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಕೆಂಪು ಹಸಿರಿನ ವ್ಯತ್ಯಾಸ ಅವರ ಕಣ್ಣಿಗೆ ಸಿಗೋದಿಲ್ಲ ಅಂತ ಆರು ವರ್ಷ ಪಕ್ಕದಲ್ಲಿ ಕೂತವರಿಗೂ ಗೊತ್ತಿರಲಿಲ್ಲ. ಯೂರೋಪ್ ಮೂಲದ ಗಂಡಸರಲ್ಲಿ ಹನ್ನೆರಡಕ್ಕೆ ಸುಮಾರು ಒಬ್ಬರಿಗೆ ಈ ತೊಂದರೆ ಇರುತ್ತೆ ಅನ್ನೋದು ಹಳೆಯ ಲೆಕ್ಕ. ನಮ್ಮಲ್ಲೂ ಅಪರೂಪವೇನಲ್ಲ. ಅವತ್ತಿನಿಂದ ನಮ್ಮ ನಿಯಮ: ಬಣ್ಣ ತೆಗೆದರೂ ಅರ್ಥ ಉಳಿಯಬೇಕು. ಪ್ರತಿ ಸಾಲಿನ ಶುರುವಿನಲ್ಲೂ ಸರಿ, ಎಚ್ಚರ, ತಪ್ಪು ಅನ್ನೋ ಪದ ಇದ್ದೇ ಇರಬೇಕು. ಬಣ್ಣ ಅದರ ಮೇಲಿನ ಕುಂಕುಮ ಅಷ್ಟೇ.

ಮೂರನೆಯದು ಎಕೋ. ಇದರಷ್ಟು ಮುಗ್ಧವಾಗಿ ಕಾಣುವ, ಇದರಷ್ಟು ಕೈಕೊಡುವ ಕಮಾಂಡ್ ಇನ್ನೊಂದಿಲ್ಲ. ಒಂದು ಶೆಲ್‌ನಲ್ಲಿ ‘ಹೈಫನ್ ಇ’ ಅಂತ ಕೊಟ್ಟರೆ ವಿಶೇಷ ಅಕ್ಷರಗಳು ಅರ್ಥ ಆಗ್ತವೆ. ಉಬುಂಟುವಿನ ಡ್ಯಾಶ್‌ನಲ್ಲಿ ಅದೇ ಕೊಟ್ಟರೆ ಆ ಹೈಫನ್ ಇ ಪರದೆಯ ಮೇಲೆ ಅಚ್ಚಾಗುತ್ತೆ. ಅದಕ್ಕೇ ಬಲ್ಲವರು ಪ್ರಿಂಟ್‌ಎಫ್ ಬಳಸಿ ಅಂತಾರೆ. ಪ್ರಿಂಟ್‌ಎಫ್‌ನಲ್ಲೂ ಒಂದು ಗುಂಡಿ ಇದೆ. ಸಂದೇಶವನ್ನು ನೇರವಾಗಿ ಅದರ ಮೊದಲ ಸ್ಥಾನಕ್ಕೆ ಕೊಟ್ಟರೆ, ಇಂಗ್ಲಿಷಿನ ‘ಡಿಸ್ಕ್ 90% ಫುಲ್’ ಅನ್ನೋ ಎಚ್ಚರಿಕೆಯಲ್ಲಿ ಶೇಕಡಾ ಚಿಹ್ನೆಯನ್ನೂ, ಫುಲ್‌ನ ಎಫ್ ಅಕ್ಷರವನ್ನೂ ಸೇರಿಸಿ ‘ಇಲ್ಲೊಂದು ದಶಮಾಂಶ ಸಂಖ್ಯೆ ಹಾಕು’ ಅಂತ ಓದಿಕೊಂಡು, ಆ ಜಾಗದಲ್ಲಿ 0.000000 ಅಂತ ಬರೆದುಬಿಡುತ್ತೆ. ಡಿಸ್ಕ್ ತುಂಬಿದೆ ಅಂತ ಹೇಳಬೇಕಾದ ಸಾಲು ಸೊನ್ನೆಗಳನ್ನು ತೋರಿಸಿ ಗಾಬರಿ ಹುಟ್ಟಿಸುತ್ತೆ. ಅಚ್ಚು ಬೇರೆ, ಹೂರಣ ಬೇರೆ ಕೊಡಬೇಕು. ಇಂಥದ್ದನ್ನು ಹದಿನೇಳು ಕಡೆ ನೆನಪಿಟ್ಟುಕೊಳ್ಳೋದಕ್ಕಿಂತ ಒಂದು ಕಡೆ ಸರಿಯಾಗಿ ಬರೆದಿಡೋದು ವಾಸಿ. ಫಂಕ್ಷನ್ ಇರೋದೇ ಇದಕ್ಕೆ.

ನಾಲ್ಕನೆಯದು, ಮಾತು ಮತ್ತು ನಡತೆ ಹೊಂದಬೇಕು. ಕಮಾಂಡ್ ಮುಗಿದಾಗ ಒಂದು ಸಂಖ್ಯೆ ಬಿಟ್ಟು ಹೋಗುತ್ತೆ. ಸೊನ್ನೆ ಅಂದ್ರೆ ಸರಿ, ಬೇರೆ ಏನೇ ಆದರೂ ತಪ್ಪು. ತಪ್ಪನ್ನು ಪ್ರಿಂಟ್ ಮಾಡೋ ಫಂಕ್ಷನ್ ತಾನು ಯಶಸ್ವಿಯಾಗಿ ಪ್ರಿಂಟ್ ಮಾಡಿದ್ದಕ್ಕೆ ಸೊನ್ನೆ ಬಿಟ್ಟು ಹೋದರೆ, ಕೂಗಿ ಹೇಳಿದ ದೂರು ಲೆಕ್ಕಕ್ಕೇ ಬರೋದಿಲ್ಲ. ‘ಸಾಕು’ ಅನ್ನುವುದು ಹೇಳಿ, ಒಂದು ಅನ್ನೋ ಸಂಖ್ಯೆಯೊಂದಿಗೆ ನಿಜವಾಗಿಯೂ ಹೊರಹೋಗಬೇಕು. ಪೈಪಿನ ಯಾವ ಕೊಂಡಿ ಮುರಿದರೂ ಇಡೀ ಸಾಲು ಸೋತಂತೆ ಅನ್ನೋ ಪೈಪ್‌ಫೇಲ್ ಆಯ್ಕೆಯನ್ನು ಪ್ರತಿ ಸ್ಕ್ರಿಪ್ಟಿನ ತಲೆಯಲ್ಲಿ ಹಾಕಬೇಕು. ಅದೊಂದು ಸಾಲೂ, ಸೋಲು ಕಂಡ ಕೂಡಲೇ ನಿಲ್ಲೋ ಏರ್ಪಾಟೂ ಇದ್ದಿದ್ದರೆ ಜಿಜಿಪ್‌ನ ನಿಯತ್ತು ಯಾರ ಅಲೋವೆನ್ಸಿಗೂ ಕುತ್ತು ತರ್ತಿರಲಿಲ್ಲ.

ಹುಡುಗ ಇನ್ನೊಂದು ಕೇಳಿದ. ‘ಅಕ್ಕ, ಇದು ಕನ್ನಡದಲ್ಲಿ ಬರಲ್ವಾ?’ ಬರುತ್ತೆ, ಯಾಕೆ ಬರಲ್ಲ? ಕೂತು ನೋಡಿದೆವು. ಆಗ ಗೊತ್ತಾಯ್ತು, ಟರ್ಮಿನಲ್ ಪ್ರಪಂಚದಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ, ಚೆಸ್ ಬೋರ್ಡಿನ ಹಾಗೆ. ನಮ್ಮ ಒತ್ತಕ್ಷರಗಳು ಆ ಮನೆಗಳಲ್ಲಿ ಕೂರೋ ಜಾತಿಯಲ್ಲ. ‘ಮುಗಿಯಿತು’ ಅನ್ನೋದು ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಎಂಟು. ಬೈಟ್ ಲೆಕ್ಕದಲ್ಲಿ 24. ‘ಸ್ತ್ರೀ’ ಅಂತ ಒಂದೇ ಅಕ್ಷರ ಬರೆದರೆ 18 ಬೈಟ್! ಬ್ಯಾಶ್‌ನ ಪ್ರಿಂಟ್‌ಎಫ್‌ಗೆ ‘20 ಮನೆ ಜಾಗ ಬಿಟ್ಟು ಮುಂದಿನದು ಬರೆ’ ಅಂದರೆ ಅದು ಬೈಟ್ ಎಣಿಸುತ್ತೆ, ಹಾಗಾಗಿ ಖಾನೆಗಳೆಲ್ಲ ಓರೆಕೋರೆ. ಒಂದು ಅಕ್ಷರಕ್ಕೆ ಎಷ್ಟು ಮನೆ ಅನ್ನೋದರಲ್ಲಿ ಒಂದೊಂದು ಟರ್ಮಿನಲ್‌ಗೆ ಒಂದೊಂದು ಅಭಿಪ್ರಾಯ.

ಪರಿಹಾರ ಸಣ್ಣದು. ಅಳತೆ ಬೇಕಾದ ಗುರುತು, ಸಮಯ ಎಲ್ಲ ಎಡಗಡೆ, ಸರಳ ಇಂಗ್ಲಿಷ್ ಅಕ್ಷರದಲ್ಲಿ. ಮಾತು ಬಲಗಡೆ, ಎಷ್ಟು ಉದ್ದ ಬೇಕಾದರೂ ಹರಿಯಲಿ, ಅದರ ಆಚೆ ಜೋಡಿಸೋಕೆ ಏನೂ ಇಲ್ಲ. ಏನು ಮಾಡಬೇಕು ಅನ್ನೋ ಮೂರನೇ ಸಾಲನ್ನು ಎರಡೂ ಭಾಷೆಯಲ್ಲಿ ಬರೆದೆವು. ಶಿಫ್ಟಿನಲ್ಲಿ ಕನ್ನಡ ಬಾರದವರೂ ಇರ್ತಾರೆ, ಇಂಗ್ಲಿಷ್ ಓದೋಕೆ ಹಿಂಜರಿಯುವವರೂ ಇರ್ತಾರೆ. ರಾತ್ರಿ ಎರಡು ಗಂಟೆಗೆ ಯಾರೂ ಭಾಷೆಯ ಪರೀಕ್ಷೆ ಬರೆಯೋ ಸ್ಥಿತಿಯಲ್ಲಿರೋದಿಲ್ಲ.

ಒಳ್ಳೆಯ ಡಬ್ಬಿ ಸಿಕ್ಕಿತು ಅಂದ ಕೂಡಲೇ ಎಲ್ಲರಿಗೂ ಅದರಲ್ಲಿ ಏನಾದರೂ ಹಾಕೋ ಆಸೆ. ಒಬ್ಬ ತಿರುಗೋ ಚಕ್ರ ಹಾಕಿದ. ಇನ್ನೊಬ್ಬ ರಾಕೆಟ್ ಇಮೋಜಿ. ಮತ್ತೊಬ್ಬ ಕಂಪನಿ ಹೆಸರನ್ನು ಚುಕ್ಕಿ, ಗೀಟುಗಳಲ್ಲಿ ರಂಗೋಲಿ ಬಿಡಿಸಿದ. ಮೂರು ತಿಂಗಳಲ್ಲಿ ಆರು ಫಂಕ್ಷನ್ ಇಪ್ಪತ್ಮೂರಾಗಿ, ಬ್ಯಾಕಪ್ ಓಡಿಸಿದರೆ ಮದುವೆ ಛತ್ರದ ಸೀರಿಯಲ್ ಸೆಟ್ ಹಾಕಿದಂತಾಯ್ತು. ಮ್ಯಾಕ್‌ಬುಕ್ ಇದ್ದವರಿಗೆ ಅದು ಓಡಲೇ ಇಲ್ಲ. ಅದರ ಜೊತೆ ಬರೋದು ಬ್ಯಾಶ್ 3.2, ಹೊಸ ಅಲಂಕಾರಗಳಲ್ಲಿ ಅರ್ಧ ಅದಕ್ಕೆ ಗೊತ್ತಿಲ್ಲ. ಒಂದು ಶುಕ್ರವಾರ ಕೂತು ಹದಿನೇಳನ್ನು ಕಿತ್ತು ಹಾಕಿದೆವು.

ಯುನಿಕ್ಸ್ ಹುಟ್ಟಿದಾಗ ಔಟ್‌ಪುಟ್ ಬರ್ತಿದ್ದದ್ದು ಟೆಲಿಟೈಪ್ ಯಂತ್ರದ ಕಾಗದದ ಮೇಲೆ. ಮಾಡೆಲ್ 33 ಅನ್ನೋದು ಸೆಕೆಂಡಿಗೆ 10 ಅಕ್ಷರ ಕುಟ್ಟುತ್ತಿತ್ತು. 72 ಅಕ್ಷರದ ಒಂದು ಸಾಲಿಗೆ ಏಳು ಸೆಕೆಂಡ್ ಟಕಟಕ. ಅಲ್ಲಿ ಯಾರೂ ರಾಕೆಟ್ ಹಾರಿಸ್ತಿರಲಿಲ್ಲ. ಎಲ್ಲ ಸರಿ ಇದ್ದರೆ ಕಮಾಂಡುಗಳು ಬಾಯಿ ಬಿಡೋದಿಲ್ಲ ಅನ್ನೋ ಪದ್ಧತಿ ಇವತ್ತಿಗೂ ಉಳಿದಿದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮ ಕಡೆಯೂ ಹೇಳ್ತಾರಲ್ಲ. ಆದರೆ ಕಾಯ್ತಾ ಕೂತ ಮನುಷ್ಯನಿಗೆ ಬರೀ ಬಂಗಾರ ಸಾಲದು, ಇನ್ನೂ ನಡೀತಿದೆಯಾ, ಸತ್ತುಹೋಯಿತಾ ಅಂತ ತಿಳಿಯಬೇಕು. ಹಾಗಾಗಿ ನಾವು ಮಧ್ಯದ ದಾರಿ ಹಿಡಿದೆವು. ಹೆಜ್ಜೆಗೊಂದು ಸಾಲು ಪರದೆಗೆ, ಉಳಿದ ನಾನೂರು ಸಾಲು ಲಾಗ್ ಫೈಲಿಗೆ. ನಾನೂರು ಸಾಲಿನ ನಡುವೆ ಒಂದು ದೂರನ್ನು ಮುಳುಗಿಸೋದೂ ಒಂದು ಬಗೆಯ ಸುಳ್ಳೇ.

ಡನ್ ಅನ್ನೋ ಸಾಲನ್ನು ಮಾತ್ರ ಎಲ್ಲ ಕಡೆಯಿಂದ ಅಳಿಸಿದೆವು. ಅದರ ಜಾಗಕ್ಕೆ ಬಂದ ಫಂಕ್ಷನ್ ಸಾಕ್ಷಿ ಇಲ್ಲದೆ ಬಾಯಿ ಬಿಡೋದಿಲ್ಲ. ಫೈಲ್ ಎಲ್ಲಿದೆ, ಎಷ್ಟು ದೊಡ್ಡದಿದೆ, ನಿನ್ನೆಯದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅಂತ ತಾನೇ ಅಳೆದು ನೋಡಿ, ಆಮೇಲೆ ಬರೆಯುತ್ತೆ. ನಿನ್ನೆಯ ಅರ್ಧಕ್ಕಿಂತ ಚಿಕ್ಕದಿದ್ದರೆ ‘ಸಾಕು’. ಹಳೆಯದನ್ನು ಅಳಿಸೋ ಹೆಜ್ಜೆ ಈ ಪರೀಕ್ಷೆ ಆದ ಮೇಲೆ, ಮೊದಲಲ್ಲ. ಶೀಟಿನಲ್ಲಿ ಟಿಕ್ ಹಾಕುವ ಖಾನೆಯೂ ಹೋಯ್ತು. ಅದರ ಬದಲು ಪರದೆಯಲ್ಲಿ ಕಂಡ ಗಾತ್ರವನ್ನು ಬರೀಬೇಕು. 20 ಅಂತ ಬರೆಯಬೇಕಾಗಿ ಬಂದಿದ್ದರೆ ಯಾರ ಕೈಯಾದರೂ ಒಂದು ಕ್ಷಣ ನಿಲ್ತಿತ್ತು.

ಈಗ ಮನುಷ್ಯರ ಡನ್‌ಗೆ ಬರೋಣ. ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡ್‌ಅಪ್. ‘ಆ ಟಿಕೆಟ್ ಏನಾಯ್ತು?’ ‘ಡನ್.’ ‘ಇದು?’ ‘ಆಲ್ಮೋಸ್ಟ್ ಡನ್.’ ಯಾರೂ ಸುಳ್ಳು ಹೇಳ್ತಿಲ್ಲ. ನಮ್ಮ ಮಟ್ಟಿಗೆ ಕೊನೆಯ ಸಾಲಿಗೆ ತಲುಪಿದ್ದೀವಿ, ಅಷ್ಟೇ. ನಡುವೆ ಯಾವ ಕೊಂಡಿ ಕಳಚಿತು ಅಂತ ಕೇಳೋ ವ್ಯವಧಾನ ಕೇಳುವವರಿಗೂ ಇಲ್ಲ, ಹೇಳುವವರಿಗೂ ಇಲ್ಲ. ಆ ಕೊಂಡಿ ಕಳಚಿದ್ದರ ಬಿಲ್ಲು ಮಾತ್ರ ಸಾಲಿನ ಕೊನೆಯಲ್ಲಿ ಕೂತವನಿಗೆ ಹೋಗುತ್ತೆ. ಅವನು ಕಾಂಟ್ರಾಕ್ಟ್ ಮೇಲೆ ಇರ್ತಾನೆ, ರಾತ್ರಿ ಪಾಳಿಯಲ್ಲಿ ಇರ್ತಾನೆ, ಮೀಟಿಂಗಿಗೆ ಅವನನ್ನು ಕರೆದಿರೋದಿಲ್ಲ.

ನಾನು ಆ ಕಂಪನಿ ಬಿಟ್ಟಾಗ ಆ ಫೈಲಿನಲ್ಲಿ ನೂರ ನಲವತ್ತು ಸಾಲುಗಳಿದ್ದವು. ಬಿಡೋ ಹಿಂದಿನ ವಾರ ನೈಟ್ ಶಿಫ್ಟಿಗೆ ಹೊಸದಾಗಿ ಒಬ್ಬಳು ಹುಡುಗಿ ಬಂದಿದ್ದಳು. ಅವಳಿಗೆ ಎಲ್ಲ ತೋರಿಸ್ತಾ ‘ಕೈಪಿಡಿಯ ನಾಲ್ಕನೇ ಪುಟ ನೋಡಿ, ಡೇಟಾಬೇಸ್ ತಂಡಕ್ಕೆ ತಿಳಿಸಿ’ ಅನ್ನೋ ಸಾಲಿಗೆ ಬಂದೆ. ಅವಳು ತಲೆ ಎತ್ತಿ, ‘ತಂಡಕ್ಕೆ ಅಂದ್ರೆ ಯಾರಿಗೆ ಮೇಡಂ? ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋರು ಯಾರು?’ ಅಂದಳು. ಅಲ್ಲೇ ಕೂತು ‘ಸಾಕು’ ಫಂಕ್ಷನ್ನಿಗೆ ನಾಲ್ಕನೇ ಆರ್ಗ್ಯುಮೆಂಟ್ ಸೇರಿಸಿದೆವು: ಈ ವಾರ ಆನ್‌ಕಾಲ್ ಯಾರು, ಅವರ ನಂಬರ್ ಏನು. ಟೈಪ್ ಮಾಡಿದ್ದು ಅವಳೇ.